ವಿದ್ಯುತ್ ಕಂಪನಿಯ ನಿರ್ದೇಶಕರು ಯಾವ ವೃತ್ತಿಯವರು? – ಓದುಗರ ಸ್ಪಂದನ

ಕಳೆದ ಸಂಚಿಕೆಯ ಪ್ರಶ್ನೆ: ‘ಬೇಲೂರು ತಾಲ್ಲೂಕಿನ ನಮ್ಮ ಬೆಳೆಗಾರರ ಸಂಘ ಮುಂದಿನ ವಿದ್ಯುತ್ ದರ ವಿಚಾರಣೆಗೆ ಆಕ್ಷೇಪಣೆ ಸಲ್ಲಿಸಬೇಕೆಂದಿದೆ. ದರ ಏರಿಸಿ ಎಂದು ಕೇಳುವವರು, ಅದನ್ನು ಒಪ್ಪುವವರು ಯಾವ ಯಾವ ವೃತ್ತಿಯಿಂದ ಬಂದವರು ಎಂಬ ಮಾತು ಸಭೆಯಲ್ಲಿ ಬಂತು. ಜಾಲತಾಣದಲ್ಲಿ ಹೆಸರು, ಹುದ್ದೆ ಮಾತ್ರ ಇವೆ. ಮಂಡಳಿಯಲ್ಲಿ ಇರುವವರೆಲ್ಲ ಐಎಎಸ್‌ನವರೇ, ಕೃಷಿ ಬಲ್ಲವರು ಒಬ್ಬರೂ ಇಲ್ಲ ಎನ್ನುತ್ತಾರೆ. ನಿಜವೇ? ನಿಜವಾದರೆ ಅದನ್ನೇ ಆಕ್ಷೇಪಣೆಯಾಗಿ ಎತ್ತಬಹುದೇ?’

ಕಂಪನಿ ಕಾರ್ಯದರ್ಶಿ, ಹಾಸನ

ನೀವು ಎರಡು ಬೇರೆ ಸಂಸ್ಥೆಗಳನ್ನು ಒಂದೇ ಮಂಡಳಿ ಎಂದುಕೊಂಡಿದ್ದೀರಿ. ದರ ಏರಿಸಿ ಎಂದು ಕೇಳುವುದು ಸೆಸ್ಕ್, ಅಂದರೆ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಒಪ್ಪುವುದೋ ಬಿಡುವುದೋ ಬೆಂಗಳೂರಿನ ಕೆಇಆರ್‌ಸಿಗೆ, ಅಂದರೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಬಿಟ್ಟದ್ದು. ಹಳೆಯ ಕೆಇಬಿ (ರಾಜ್ಯ ವಿದ್ಯುತ್ ಮಂಡಳಿ) 1999ರಲ್ಲಿ ಕೆಪಿಟಿಸಿಎಲ್ (ವಿದ್ಯುತ್ ಪ್ರಸರಣ ನಿಗಮ) ಆಯಿತು. 2002ರಲ್ಲಿ ವಿತರಣೆ ಬೇರೆ ಕಂಪನಿಗಳಿಗೆ ಹೋಯಿತು. 2005ರಲ್ಲಿ ಮಂಗಳೂರಿನ ವಿತರಣಾ ಕಂಪನಿ ಮೆಸ್ಕಾಂನಿಂದ ಸೆಸ್ಕ್ ಒಡೆದು ಬಂತು. ಹಾಗಾಗಿ ಬೇಲೂರಿನ ತೋಟದ ಪ್ರಶ್ನೆ ಮೈಸೂರಿಗೆ ಹೋಗಬೇಕು, ಪಕ್ಕದ ಚಿಕ್ಕಮಗಳೂರಿನ ತೋಟದ್ದು ಮಂಗಳೂರಿಗೆ. ಎರಡೂ ಕಡೆ ತೋಟ ಇರುವ ಸದಸ್ಯರು ನಿಮ್ಮ ಸಂಘದಲ್ಲಿದ್ದರೆ ಅರ್ಜಿಯೂ ಎರಡಾಗಬೇಕು.

ಕಂಪನಿಯ ವಿಷಯ ಮಾತ್ರ ಹೇಳುತ್ತೇನೆ. ಸೆಸ್ಕ್ ಸರ್ಕಾರಿ ಕಂಪನಿ. ನಿರ್ದೇಶಕರನ್ನು ನೇಮಿಸುವುದು ಸರ್ಕಾರ. ಕುರ್ಚಿಗಳಲ್ಲಿ ಹೆಚ್ಚಿನವು ಹುದ್ದೆಗೆ ಅಂಟಿಕೊಂಡಂಥವು: ವ್ಯವಸ್ಥಾಪಕ ನಿರ್ದೇಶಕರು, ತಾಂತ್ರಿಕ ನಿರ್ದೇಶಕರು, ಇಂಧನ ಇಲಾಖೆಯ ಪ್ರತಿನಿಧಿ, ಆರ್ಥಿಕ ಇಲಾಖೆಯ ಪ್ರತಿನಿಧಿ, ಹೀಗೆ. ವರ್ಗವಾದರೆ ಕುರ್ಚಿಯಲ್ಲಿನ ಮುಖವೂ ಬದಲು. ಅಧ್ಯಕ್ಷ ಸ್ಥಾನಕ್ಕೆ ಶಾಸಕರನ್ನು ಕೂರಿಸುವುದೂ ಉಂಟು. ಆದ್ದರಿಂದ ‘ಎಲ್ಲರೂ ಐಎಎಸ್‌ನವರೇ’ ಎಂಬುದು ಪೂರ್ತಿ ನಿಜವಲ್ಲ. ತಾಂತ್ರಿಕ ನಿರ್ದೇಶಕರು ಸಾಮಾನ್ಯವಾಗಿ ಇಲಾಖೆಯಲ್ಲೇ ಬೆಳೆದ ಎಂಜಿನಿಯರ್. ಕೃಷಿ ಬಲ್ಲವರಿಗೆಂದು ಮೀಸಲಾದ ಕುರ್ಚಿ ಕಂಪನಿ ಕಾಯ್ದೆಯಲ್ಲಿ ಇಲ್ಲ, ಅದಂತೂ ನಿಜ.

ಜಾಲತಾಣದಲ್ಲಿ ಹಿನ್ನೆಲೆ ಏಕೆ ಸಿಗುವುದಿಲ್ಲ ಎಂಬುದಕ್ಕೆ ಕಾನೂನಿನಲ್ಲೇ ಕಾರಣವಿದೆ. ನಿರ್ದೇಶಕರ ಅರ್ಹತೆಯನ್ನು ಯಾವ ಮಾನದಂಡದಿಂದ ಅಳೆದಿರಿ ಎಂಬುದನ್ನು ವಾರ್ಷಿಕ ವರದಿಯಲ್ಲಿ ಹೇಳಬೇಕೆಂದು 2013ರ ಕಂಪನಿ ಕಾಯ್ದೆಯ ಕಲಂ 134(3)(ಇ) ಹಲವು ಕಂಪನಿಗಳಿಗೆ ವಿಧಿಸುತ್ತದೆ. 2015ರ ಜೂನ್ 5ರ ಅಧಿಸೂಚನೆ ಸರ್ಕಾರಿ ಕಂಪನಿಗಳಿಗೆ ಇದರಿಂದ ವಿನಾಯಿತಿ ಕೊಟ್ಟಿತು. ಖಾಸಗಿ ಷೇರುದಾರ ಕೇಳಬಹುದಾದದ್ದನ್ನು ಸಾರ್ವಜನಿಕ ಹಣದ ಕಂಪನಿಯಲ್ಲಿ ಕೇಳುವಂತಿಲ್ಲ! ಈ ವಿನಾಯಿತಿ ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಅದು ಇರುವವರೆಗೆ ಬೇರೆ ದಾರಿ ಹಿಡಿಯಬೇಕು.

ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ಲಾಗಿನ್ ಮಾಡಿಕೊಂಡು ಕಂಪನಿಯ ಮಾಸ್ಟರ್ ಡೇಟಾ ತೆರೆಯಿರಿ. ಪ್ರತಿ ನಿರ್ದೇಶಕರ ಡಿನ್ (ನಿರ್ದೇಶಕರ ಗುರುತಿನ ಸಂಖ್ಯೆ), ನೇಮಕದ ದಿನಾಂಕ ಅಲ್ಲಿರುತ್ತವೆ. 100 ರೂಪಾಯಿ ಕಟ್ಟಿದರೆ ಕಂಪನಿಯ ಸಾರ್ವಜನಿಕ ದಾಖಲೆಗಳನ್ನು ನೋಡಬಹುದು. ಡಿಐಆರ್-12 ಹುಡುಕಿ. ನಿರ್ದೇಶಕರ ನೇಮಕವನ್ನು ತಿಳಿಸುವ ನಮೂನೆ ಅದು. ಅದರ ಜೊತೆ ಡಿಐಆರ್-2 ಒಪ್ಪಿಗೆ ಪತ್ರ ಲಗತ್ತಾಗಿದ್ದರೆ (ಸರ್ಕಾರ ನೇಮಿಸಿದ ನಿರ್ದೇಶಕರಿಗೆ ಅದು ಕಡ್ಡಾಯವಲ್ಲ) ಅದರಲ್ಲಿ ಉದ್ಯೋಗದ ಕಾಲಂ ಇದೆ, ಆಗಲೇ ಎಷ್ಟು ಕಂಪನಿಗಳಲ್ಲಿ ನಿರ್ದೇಶಕರು ಎಂಬ ಲೆಕ್ಕವೂ ಇದೆ. ಅಧಿಕಾರಿಗಳ ವಿಷಯದಲ್ಲಿ ಉದ್ಯೋಗದ ಕಾಲಂನಿಂದ ಪ್ರಯೋಜನವಿಲ್ಲ, ‘ಸರ್ಕಾರಿ ಸೇವೆ’ ಎಂದಿರುತ್ತದೆ ಅಷ್ಟೆ. ಐಎಎಸ್ ಅಧಿಕಾರಿಗಳದ್ದಾದರೆ ಕೇಂದ್ರ ಸಿಬ್ಬಂದಿ ಇಲಾಖೆ ಪ್ರಕಟಿಸುವ ಎಕ್ಸಿಕ್ಯೂಟಿವ್ ರೆಕಾರ್ಡ್ ಶೀಟ್ ನೋಡಿ. ಓದಿದ ವಿಷಯ, ಹಿಂದೆ ಯಾವ ಇಲಾಖೆಯಲ್ಲಿ ಎಷ್ಟು ಕಾಲ ಇದ್ದರು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಎಂಜಿನಿಯರಿಂಗ್ ಓದಿದ ಐಎಎಸ್‌ನವರು ಕಡಿಮೆಯೇನಿಲ್ಲ. ಹುದ್ದೆಯ ಹೆಸರು ನೋಡಿ ಹಿನ್ನೆಲೆ ಊಹಿಸಬೇಡಿ.

ಇನ್ನೊಂದು ವಿಷಯ. ಹಿನ್ನೆಲೆಗಿಂತ ಹಾಜರಾತಿ ಹೆಚ್ಚು ಹೇಳುತ್ತದೆ. ವರ್ಷಕ್ಕೆ ಕನಿಷ್ಠ 4 ಸಭೆ ನಡೆಯಬೇಕು, ಎರಡು ಸಭೆಗಳ ನಡುವೆ 120 ದಿನ ಮೀರಬಾರದು. 12 ತಿಂಗಳು ಒಂದು ಸಭೆಗೂ ಬಾರದಿದ್ದರೆ, ರಜೆ ಕೇಳಿದ್ದರೂ, ಕಲಂ 167ರ ಪ್ರಕಾರ ಸ್ಥಾನವೇ ಹೋಗುತ್ತದೆ. ಹತ್ತು ಕಂಪನಿಯಲ್ಲಿ ಹೆಸರಿರುವ ಹಣಕಾಸು ತಜ್ಞರು ಸಭೆಗೆ ಬರದಿದ್ದರೆ ಆ ತಜ್ಞತೆಯಿಂದ ನಿಮಗೇನು ಲಾಭ?

ವಕೀಲರು, ಚಿಕ್ಕಮಗಳೂರು

ವೃತ್ತಿ ಹಿನ್ನೆಲೆಯನ್ನು ಕಾನೂನೇ ಕೇಳುವ ಜಾಗ ಆಯೋಗ. 2003ರ ವಿದ್ಯುಚ್ಛಕ್ತಿ ಕಾಯ್ದೆಯ ಕಲಂ 82ರಂತೆ ಅಧ್ಯಕ್ಷರೂ ಸೇರಿ ಮೂವರಿಗಿಂತ ಹೆಚ್ಚು ಇರುವಂತಿಲ್ಲ. ಕಲಂ 84ರಂತೆ ಅವರು ಎಂಜಿನಿಯರಿಂಗ್, ಹಣಕಾಸು, ವಾಣಿಜ್ಯ, ಅರ್ಥಶಾಸ್ತ್ರ, ಕಾನೂನು ಅಥವಾ ನಿರ್ವಹಣೆಯ ಸಮಸ್ಯೆಗಳನ್ನು ಬಲ್ಲವರೂ ನಿಭಾಯಿಸಿ ತೋರಿಸಿದವರೂ ಆಗಿರಬೇಕು. ಈ ಪಟ್ಟಿಯಲ್ಲಿ ಕೃಷಿ ಇಲ್ಲ. ಹಾಗಾಗಿ ‘ಕೃಷಿ ಬಲ್ಲವರಿಲ್ಲ’ ಎಂಬ ಆಕ್ಷೇಪಣೆ ಕಾನೂನಿನ ಎದುರು ನಿಲ್ಲುವುದಿಲ್ಲ.

ಕಾನೂನು ಬಲ್ಲವರಿಲ್ಲ ಎಂಬ ಮಾತು ಬೇರೆ. ಗುಜರಾತ್ ಸರ್ಕಾರ ಮತ್ತು ಯುಟಿಲಿಟಿ ಯೂಸರ್ಸ್ ವೆಲ್‌ಫೇರ್ ಅಸೋಸಿಯೇಷನ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2018ರ ಏಪ್ರಿಲ್ 12ರಂದು ಕೊಟ್ಟ ತೀರ್ಪು ಓದಿ. ಅಧ್ಯಕ್ಷರು ಹೈಕೋರ್ಟ್ ನ್ಯಾಯಮೂರ್ತಿಯೇ ಆಗಬೇಕಿಲ್ಲ. ಆದರೆ ಸದಸ್ಯರಲ್ಲಿ ಕಾನೂನಿನವರು ಒಬ್ಬರು ಇರಲೇಬೇಕು. ಬರೀ ಎಲ್‌ಎಲ್‌ಬಿ ಸಾಲದು. ನ್ಯಾಯಾಂಗ ಹುದ್ದೆಯಲ್ಲಿದ್ದವರು, ಇಲ್ಲವೇ ಹೈಕೋರ್ಟ್ ಅಥವಾ ಜಿಲ್ಲಾ ನ್ಯಾಯಾಧೀಶರಾಗುವಷ್ಟು ಅರ್ಹತೆ, ವಕೀಲಿಕೆ ಇರುವವರು ಬೇಕು. ಅಂಥವರು ಇಲ್ಲದಿದ್ದರೆ ಮುಂದೆ ತೆರವಾಗುವ ಸ್ಥಾನವನ್ನು ಅವರಿಂದಲೇ ತುಂಬಬೇಕು.

ಇಲ್ಲಿ ಬಹಳ ಜನ ಎಡವುತ್ತಾರೆ. ‘ಸದಸ್ಯ ಸ್ಥಾನ ಖಾಲಿ ಇತ್ತು, ದರ ಆದೇಶ ರದ್ದು ಮಾಡಿ’ ಎಂದು ಹೋದರೆ ಕಲಂ 93 ಅಡ್ಡ ಬರುತ್ತದೆ. ಸ್ಥಾನ ಖಾಲಿ ಇದೆ, ರಚನೆಯಲ್ಲಿ ದೋಷವಿದೆ ಎಂಬ ಒಂದೇ ಕಾರಣಕ್ಕೆ ಆಯೋಗದ ನಡವಳಿ ಅಸಿಂಧುವಾಗದು. ಮೇಲಿನ ತೀರ್ಪು ಕೂಡ ಹಿಂದಿನ ಆದೇಶಗಳನ್ನು ಮುಟ್ಟಲಿಲ್ಲ. ಆದೇಶದ ಒಳಗಿನ ತಪ್ಪು ಹಿಡಿದರೆ ಮಾತ್ರ ಕಲಂ 111ರಡಿ 45 ದಿನದೊಳಗೆ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುವುದರಲ್ಲಿ ಅರ್ಥವಿದೆ.

ಹಿನ್ನೆಲೆಯ ಬಗ್ಗೆ ದನಿ ಎತ್ತಲು ಸರಿಯಾದ ಹೊತ್ತು ಆಯ್ಕೆಯ ಹೊತ್ತು. ಸದಸ್ಯರ ಅವಧಿ 5 ವರ್ಷ, ವಯಸ್ಸಿನ ಮಿತಿ 65. ಅವಧಿ ಮುಗಿಯುವ 6 ತಿಂಗಳ ಮೊದಲೇ ಸರ್ಕಾರ ಕಲಂ 85ರ ಆಯ್ಕೆ ಸಮಿತಿಗೆ ತಿಳಿಸಬೇಕು. ಸಮಿತಿ 3 ತಿಂಗಳಲ್ಲಿ ಪ್ರತಿ ಸ್ಥಾನಕ್ಕೆ ಎರಡು ಹೆಸರು ಕೊಡಬೇಕು. ಸಮಿತಿಯಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯಾಗಿದ್ದವರು ಅಧ್ಯಕ್ಷರು, ರಾಜ್ಯದ ಮುಖ್ಯ ಕಾರ್ಯದರ್ಶಿ ಸದಸ್ಯರು, ಜೊತೆಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಅಥವಾ ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಅಧ್ಯಕ್ಷರು. ಅಭ್ಯರ್ಥಿಗೆ ಹಿತಾಸಕ್ತಿಯ ಅಡಚಣೆ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಸಮಿತಿಯ ಹೊಣೆ. ಈಗಿನ ಸದಸ್ಯರ ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ಸಂಘದ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ಅದಕ್ಕೆ 6 ತಿಂಗಳು ಮುಂಚೆ ಇಂಧನ ಇಲಾಖೆಗೆ ಬರೆದರೆ ಪತ್ರಕ್ಕೆ ಬೆಲೆ ಇರುತ್ತದೆ, ನೇಮಕವಾದ ಮೇಲೆ ಇಲ್ಲ.

ಮಾಹಿತಿ ಹಕ್ಕು ಕಾರ್ಯಕರ್ತೆ, ಅರಸೀಕೆರೆ

ಮಾಹಿತಿ ಹಕ್ಕಿನ ಅರ್ಜಿ ಬರೆಯುವ ರೀತಿಯಲ್ಲೇ ಅರ್ಧ ಕೆಲಸ ಇದೆ. ‘ಇವರನ್ನು ಏಕೆ ನೇಮಿಸಿದಿರಿ, ಇವರಿಗೆ ಏನು ಅರ್ಹತೆ’ ಎಂದು ಕೇಳಿದರೆ ‘ವಿವರಣೆ ಕೊಡಲು ಅವಕಾಶವಿಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ದಾಖಲೆ ಕೇಳಿ. ನಿರ್ದೇಶಕರ ನೇಮಕದ ಸರ್ಕಾರಿ ಆದೇಶಗಳ ಪ್ರತಿ, ಕಳೆದ 8 ಸಭೆಗಳ ಹಾಜರಾತಿ ಪುಟ, ಲೆಕ್ಕಪರಿಶೋಧನಾ ಸಮಿತಿಯ ಸದಸ್ಯರ ಪಟ್ಟಿ. ಇಷ್ಟೇ ಸಾಕು. ಸಭೆಗಳ ನಡವಳಿಯನ್ನೂ ಇದರಲ್ಲೇ ಸೇರಿಸಿದರೆ ‘ವಾಣಿಜ್ಯ ಗೌಪ್ಯತೆ’ ಎಂದು ಇಡೀ ಅರ್ಜಿಗೆ ಕೊಕ್ಕೆ ಹಾಕುತ್ತಾರೆ. ಅದನ್ನು ಪ್ರತ್ಯೇಕ ಅರ್ಜಿಯಲ್ಲಿ ಕೇಳಿ.

ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ಹಾಸನದ ಕಚೇರಿಗೆ ಕೊಟ್ಟರೆ ಕಲಂ 6(3)ರಡಿ 5 ದಿನದಲ್ಲಿ ಮೈಸೂರಿಗೆ ವರ್ಗಾಯಿಸಬೇಕು, ಆದರೆ ಅಲ್ಲಿಯೇ ಕಡತ ಮಲಗುವ ಸಂಭವ ಹೆಚ್ಚು. ನೇರ ನಿಗಮದ ಕೇಂದ್ರ ಕಚೇರಿಯ ಮಾಹಿತಿ ಅಧಿಕಾರಿಗೇ ಕಳಿಸಿ. ನೇಮಕದ ಮೂಲ ಕಡತ ಇಂಧನ ಇಲಾಖೆಯಲ್ಲಿರುತ್ತದೆ, ಅದಕ್ಕೆ ಬೇರೆ ಅರ್ಜಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ.

ವ್ಯಕ್ತಿಯ ಅಂಕಪಟ್ಟಿ, ಆಸ್ತಿ, ಮನೆ ವಿಳಾಸ ಕೇಳಬೇಡಿ. ಕಲಂ 8(1)(ಜೆ) ಮುಂದಿಟ್ಟು ತಿರಸ್ಕರಿಸುತ್ತಾರೆ. 2023ರ ದತ್ತಾಂಶ ರಕ್ಷಣಾ ಕಾಯ್ದೆ ಈ ಉಪಖಂಡವನ್ನು ಇನ್ನೂ ಬಿಗಿ ಮಾಡಿದೆ. ತಿರಸ್ಕರಿಸಿದರೆ ಮೇಲ್ಮನವಿಯಲ್ಲಿ ಎರಡು ಕಲಂ ಹಿಡಿಯಿರಿ: ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎನ್ನುವ 8(2), ಮತ್ತು ಮಂಡಳಿ, ಸಮಿತಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎನ್ನುವ 4(1)(ಬಿ).

ನಿವೃತ್ತ ವಿದ್ಯುತ್ ಎಂಜಿನಿಯರ್, ಸಕಲೇಶಪುರ

ಮೇಲಿನವರು ದಾರಿ ತೋರಿಸಿದ್ದಾರೆ, ಸರಿ. ಆದರೆ ಪದವಿಯ ಪಟ್ಟಿ ಹಿಡಿದು ವಿಚಾರಣೆಗೆ ಹೋದರೆ ಐದು ನಿಮಿಷದಲ್ಲಿ ಕೂರಿಸುತ್ತಾರೆ. ಯಾವ ಲೆಕ್ಕವನ್ನು ಯಾರು ಪರಿಶೀಲಿಸಿದರು ಎಂದು ಕೇಳಿ. ಹಿನ್ನೆಲೆಯ ಕೊರತೆ ಹೊರಬೀಳುವುದು ಅಲ್ಲಿ.

ನಮ್ಮ ಭಾಗಕ್ಕೆ ಮುಖ್ಯವಾದದ್ದು ಪಂಪ್‌ಸೆಟ್ ಲೆಕ್ಕ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ರೈತರು ಬಿಲ್ ಕಟ್ಟುವುದಿಲ್ಲ, ಸರ್ಕಾರ ಕಟ್ಟುತ್ತದೆ. ಬಹುಪಾಲು ಪಂಪ್‌ಗಳಿಗೆ ಮೀಟರ್ ಇಲ್ಲ. ಹಾಗಾಗಿ ಬಳಕೆಯನ್ನು 11 ಕೆವಿ ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ವಿದ್ಯುತ್ ಮಾರ್ಗ) ರೀಡಿಂಗ್‌ನಿಂದ ನಷ್ಟ, ಅಂದರೆ ದಾರಿಯಲ್ಲಿ ಹೋದ ವಿದ್ಯುತ್, ಕಳೆದು ಅಂದಾಜು ಮಾಡುತ್ತಾರೆ. ಒಂದು ಫೀಡರ್‌ಗೆ ತಿಂಗಳಿಗೆ 1,00,000 ಯೂನಿಟ್ ಹೋಯಿತು ಎನ್ನಿ. ನಷ್ಟ ಶೇ 15 ಇದ್ದೂ ಶೇ 10 ಎಂದು ತೋರಿಸಿದರೆ ಪಂಪ್‌ಸೆಟ್ ಬಳಕೆ 85,000 ಬದಲು 90,000 ಆಗುತ್ತದೆ. ಆ 5,000 ಯೂನಿಟ್ ತಂತಿಯಲ್ಲಿ ಸೋರಿದ್ದೋ ಕದ್ದದ್ದೋ ಆಗಿದ್ದರೂ ರೈತನ ಹೆಸರಿನಲ್ಲಿ ಕೂತಿತು. ಕಂಪನಿಯ ನಷ್ಟದ ಅಂಕಿ ಚೆನ್ನಾಗಿ ಕಂಡಿತು, ಸಹಾಯಧನದ ಬಿಲ್ ಏರಿತು.

ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. 5 ಎಚ್‌ಪಿ ಮೋಟಾರ್ 3.73 ಕಿಲೋವಾಟ್. ದಕ್ಷತೆ ಶೇ 80 ಎಂದರೂ ಎಳೆಯುವುದು ಸುಮಾರು 4.7 ಕಿಲೋವಾಟ್. ದಿನಕ್ಕೆ 7 ಗಂಟೆ ತ್ರೀಫೇಸ್ ಕೊಟ್ಟು, ಪೂರ್ತಿ ಓಡಿಸಿದರೆ 33 ಯೂನಿಟ್, ತಿಂಗಳಿಗೆ ಸಾವಿರದ ಹತ್ತಿರ. ಅದಕ್ಕಿಂತ ಹೆಚ್ಚು ಸರಾಸರಿ ತೋರಿಸಿದ ಫೀಡರ್ ಇದ್ದರೆ ದಾಖಲೆಗಿಂತ ದೊಡ್ಡ ಮೋಟಾರ್‌ಗಳಿವೆ, ಅಕ್ರಮ ಸಂಪರ್ಕಗಳಿವೆ, ಇಲ್ಲವೇ ನಷ್ಟ ಅಡಗಿದೆ. ಇನ್ನೊಂದು ಪರೀಕ್ಷೆ ಮಳೆಗಾಲದ್ದು. ಬೇಲೂರು, ಸಕಲೇಶಪುರದ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಪಂಪ್ ಮುಟ್ಟುವವರೇ ಇಲ್ಲ. ಆ ಮೂರು ತಿಂಗಳಲ್ಲೂ ಪಂಪ್‌ಸೆಟ್ ಸರಾಸರಿ ಇಳಿಯದಿದ್ದರೆ ಏಕೆ ಎಂದು ಕೇಳಿ. ಅರಸೀಕೆರೆ ಕಡೆಯ ಬಯಲು ಫೀಡರ್‌ಗಳ ಸರಾಸರಿಯನ್ನು ಮಲೆನಾಡಿಗೂ ಹಾಕಿದ್ದಾರೆಯೇ ಎಂಬುದನ್ನೂ ನೋಡಿ.

ಕಾಫಿ ತೋಟದ ಪಂಪ್‌ಗಳನ್ನು ಇದರ ಜೊತೆ ಬೆರೆಸಬೇಡಿ. ಕಾಫಿ, ಟೀ, ರಬ್ಬರ್ ತೋಟಗಳಿಗೆ ದರಪಟ್ಟಿಯಲ್ಲಿ ಬೇರೆ ವರ್ಗವಿದೆ. ಅವುಗಳ ಬಳಕೆ ಫೆಬ್ರುವರಿ–ಮಾರ್ಚ್‌ನ ಹೂವಿನ ನೀರಿನ ಹೊತ್ತಿಗೆ ಏರುತ್ತದೆ. ಸಂಘದಲ್ಲಿ ಎರಡೂ ಬಗೆಯ ಸದಸ್ಯರಿದ್ದರೆ ಆಕ್ಷೇಪಣೆಯಲ್ಲಿ ಎರಡು ಭಾಗ ಮಾಡಿ.

ಈ ಲೆಕ್ಕ ಹಿಡಿಯಲು ವಿತರಣೆಯಲ್ಲಿ ಕೆಲಸ ಮಾಡಿದ ಎಂಜಿನಿಯರ್ ಬೇಕು. ಎಂಜಿನಿಯರ್ ಎಂದರೆ ಎಲ್ಲರೂ ಒಂದೇ ಅಲ್ಲ. ಉತ್ಪಾದನಾ ಕೇಂದ್ರದಲ್ಲೋ 220 ಕೆವಿ ಸ್ಟೇಷನ್‌ನಲ್ಲೋ ಸೇವೆ ಸಲ್ಲಿಸಿದವರಿಗೆ 11 ಕೆವಿ ಫೀಡರ್‌ನ ಈ ಸಂದುಗೊಂದು ತಿಳಿದಿರಬೇಕೆಂದೇನಿಲ್ಲ. ಸಹಾಯಧನದ ಬಾಕಿ ಹಣಕಾಸಿನವರ ಕೆಲಸ. ವಿದ್ಯುಚ್ಛಕ್ತಿ ಕಾಯ್ದೆಯ ಕಲಂ 65ರಂತೆ ಸರ್ಕಾರ ಅದನ್ನು ಮುಂಗಡವಾಗಿ ಕೊಡಬೇಕು. ಕೊಡದಿದ್ದಾಗ ಕಂಪನಿ ಸಾಲ ಮಾಡುತ್ತದೆ, ಬಡ್ಡಿ ಖರ್ಚಿನ ಪಟ್ಟಿಗೆ ಬರುತ್ತದೆ. ಆ ಬಡ್ಡಿಯನ್ನು ದರಕ್ಕೆ ಸೇರಿಸಲು ಕೇಳಿದ್ದಾರೆಯೇ, ಕೇಳಿದ್ದರೆ ಯಾವ ಕಾರಣ ಕೊಟ್ಟಿದ್ದಾರೆ ಎಂಬ ಒಂದು ಪ್ರಶ್ನೆ ಹತ್ತು ಪದವಿಗಳ ಪಟ್ಟಿಗಿಂತ ಮೇಲು.

ಗ್ರಾಹಕ ಸಂಘಟನೆಯ ಕಾರ್ಯದರ್ಶಿ, ಕಡೂರು

ಕೃಷಿಯವರಿಗೆ ಕಾನೂನಿನಲ್ಲಿ ಜಾಗವೇ ಇಲ್ಲ ಎಂದು ತಿಳಿಯಬೇಡಿ. ವಿದ್ಯುಚ್ಛಕ್ತಿ ಕಾಯ್ದೆಯ ಕಲಂ 87ರ ರಾಜ್ಯ ಸಲಹಾ ಸಮಿತಿಗೆ ಆಯೋಗ 21 ಮೀರದಂತೆ ಸದಸ್ಯರನ್ನು ನೇಮಿಸುತ್ತದೆ. ವಾಣಿಜ್ಯ, ಕೈಗಾರಿಕೆ, ಸಾರಿಗೆ, ಕಾರ್ಮಿಕ, ಗ್ರಾಹಕ ಪ್ರತಿನಿಧಿಗಳ ಜೊತೆ ಕೃಷಿಯ ಹೆಸರೂ ಅಲ್ಲಿದೆ. ದರ ನಿರ್ಧರಿಸುವ ಅಧಿಕಾರ ಸಮಿತಿಗಿಲ್ಲ, ಸಲಹೆ ಮಾತ್ರ. ಆದರೂ ಈಗ ಕೃಷಿ ಪ್ರತಿನಿಧಿ ಯಾರು, ಹಾಸನ–ಚಿಕ್ಕಮಗಳೂರು ಭಾಗದವರು ಯಾರಾದರೂ ಇದ್ದಾರೆಯೇ ಎಂದು ಆಯೋಗದ ಕಾರ್ಯದರ್ಶಿಗೆ ಬರೆದು ಕೇಳಿ.

ಬಿಲ್, ವೋಲ್ಟೇಜ್, ಸುಟ್ಟ ಟಿಸಿ (ಟ್ರಾನ್ಸ್‌ಫಾರ್ಮರ್) ಇಂಥ ದೂರುಗಳಿಗೆ ಇದ್ಯಾವುದೂ ಬೇಡ. ಅವಕ್ಕೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಅದರ ಮುಖ್ಯಸ್ಥರು ಕಂಪನಿಯ ಅಧಿಕಾರಿಯೇ, ಆದರೆ ಆಯೋಗ ನಾಮಕರಣ ಮಾಡಿದ ಸ್ವತಂತ್ರ ಸದಸ್ಯರೊಬ್ಬರು ಇರಬೇಕು. ಅಲ್ಲಿ ಆಗದಿದ್ದರೆ ಆ ದೂರುಗಳನ್ನು ಮತ್ತೆ ಕೇಳುವ ಒಂಬುಡ್ಸ್‌ಮನ್.

ದರ ವಿಚಾರಣೆಗಳಲ್ಲಿ ಆಕ್ಷೇಪಣೆ ಸಲ್ಲಿಸುವವರು, ಹೊಳೆನರಸೀಪುರ

ಆಯೋಗ 2025ರ ಮಾರ್ಚ್‌ನಲ್ಲಿ ಮೂರು ವರ್ಷಕ್ಕೆ ಸೇರಿಸಿ ದರ ಆದೇಶ ಮಾಡಿದೆ. ಹಾಗಾಗಿ ಮುಂದಿನ ಅರ್ಜಿ ಪೂರ್ಣ ಪರಿಷ್ಕರಣೆಯದೋ ವಾರ್ಷಿಕ ಪರಿಶೀಲನೆಯದೋ ಎಂದು ಮೊದಲು ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ, ಆಕ್ಷೇಪಣೆಗೆ ಕೊನೆಯ ದಿನವೂ ಅಲ್ಲೇ ಇರುತ್ತದೆ. ಅದರಲ್ಲಿ ಹೇಳಿದಷ್ಟು ಪ್ರತಿ, ಪ್ರಮಾಣಪತ್ರದ (ಅಫಿಡವಿಟ್) ಜೊತೆ, ಆಯೋಗಕ್ಕೆ ಕಳಿಸಿ ಒಂದು ಪ್ರತಿಯನ್ನು ಕಂಪನಿಗೂ ಕೊಡಿ. ಕಂಪನಿಗೆ ಕೊಟ್ಟ ಸ್ವೀಕೃತಿ ಇಲ್ಲದಿದ್ದರೆ ‘ನಮಗೆ ತಲುಪಿಲ್ಲ’ ಎಂದು ಉತ್ತರ ಕೊಡದೆ ಜಾರಿಕೊಳ್ಳಲು ದಾರಿಯಾಗುತ್ತದೆ.

ಸಂಘದ ಪರವಾಗಿ ಒಬ್ಬರೇ ಮಾತಾಡಿ, ಠರಾವಿನ ಪ್ರತಿ ಜೊತೆಗಿರಲಿ. ಎಂಜಿನಿಯರ್ ಸಾಹೇಬರು ಹೇಳಿದ ಫೀಡರ್ ಲೆಕ್ಕ ಕೇಳುವುದಾದರೆ ಫೀಡರ್ ಹೆಸರು, ಸಬ್‌ಸ್ಟೇಷನ್ ಹೆಸರು, ತಿಂಗಳು ಈ ಮೂರನ್ನೂ ಬರೆಯಿರಿ. ‘ನಮ್ಮ ಭಾಗದಲ್ಲಿ’ ಎಂದು ಬರೆದರೆ ಇಡೀ ವಿಭಾಗದ ಸರಾಸರಿ ಕೊಟ್ಟು ಮುಗಿಸುತ್ತಾರೆ. ಕಂಪನಿಯ ಲಿಖಿತ ಉತ್ತರ ವಿಚಾರಣೆಗೆ ಮೊದಲೇ ಕೈಗೆ ಬಂದರೆ ಅದರಲ್ಲಿ ತಪ್ಪಿಸಿದ ಪ್ರಶ್ನೆಯನ್ನಷ್ಟೇ ಅಲ್ಲಿ ಎತ್ತಿ. ನಿಮ್ಮ ಆಕ್ಷೇಪಣೆ, ಕಂಪನಿಯ ಉತ್ತರ ಎರಡೂ ದರ ಆದೇಶದ ಪುಸ್ತಕದಲ್ಲಿ ಆಯೋಗದ ಅಭಿಪ್ರಾಯದ ಜೊತೆ ಅಚ್ಚಾಗುತ್ತವೆ. 45 ದಿನದ ಮೇಲ್ಮನವಿಗೆ ಹೋಗುವುದಾದರೆ ವಕೀಲರು ಮೊದಲು ತೆರೆಯುವುದು ಆ ಪುಟಗಳನ್ನೇ.