ಸಹಾಯ ಬೇಕು: ಕುಂಡದ ದಾಸವಾಳದ ಮೊಗ್ಗು ಅರಳುವ ಮುಂಚೆಯೇ ಉದುರುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ. ತಾರಸಿ ಮೇಲೆ 14 ಕುಂಡ ಇಟ್ಟಿದ್ದೇನೆ. ಜನವರಿಯಲ್ಲಿ ಕತ್ತರಿಸಿದ್ದ ದುಂಡು ಮಲ್ಲಿಗೆ ಚೆನ್ನಾಗಿ ಚಿಗುರಿ, ಯುಗಾದಿಯಿಂದ ದಿನಾ ಒಂದು ಬೊಗಸೆ ಮೊಗ್ಗು ಕೊಡುತ್ತಿದೆ. ಟೇಬಲ್ ರೋಸ್‌ಗಂತೂ ಬಿಸಿಲು ಅಂದರೆ ಹಬ್ಬ.

ತೊಂದರೆ ಇರುವುದು ಕೆಂಪು ದಾಸವಾಳದ್ದು. ಮೊಗ್ಗು ಬೆರಳಿನಷ್ಟು ಬರುತ್ತದೆ, ಆಮೇಲೆ ತೊಟ್ಟು ಹಳದಿಯಾಗಿ, ಮುಟ್ಟಿದರೆ ಸಾಕು ಉದುರುತ್ತದೆ. ನಿನ್ನೆ ಬೆಳಿಗ್ಗೆ ಎಣಿಸಿದೆ, 11 ಬಿದ್ದಿದ್ದವು. ಒಂದನ್ನು ಬಿಡಿಸಿ ನೋಡಿದೆ, ಒಳಗೆ ಹುಳ ಇಲ್ಲ. ಆದರೆ ಎಲೆ ಸಂದಿಯಲ್ಲಿ ಹತ್ತಿಯಂಥ ಬಿಳಿ ಹಿಟ್ಟು, ಸುತ್ತ ಇರುವೆ ಸಾಲು. ಹಿಟ್ಟು ತಿಗಣೆ ಅಲ್ವಾ? 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪು ನೀರು ಸೇರಿಸಿ ಸಂಜೆ ಹೊತ್ತು ಎರಡು ಸಲ ಹೊಡೆದೆ. ಹಿಟ್ಟು ಕಡಿಮೆಯಾಯಿತು, ಉದುರುವುದು ನಿಂತಿಲ್ಲ.

ಕುಂಡ ಕಪ್ಪು ಪ್ಲಾಸ್ಟಿಕ್‌ನದು, 10 ಇಂಚು. ಮಧ್ಯಾಹ್ನ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ನೀರು ಬೆಳಿಗ್ಗೆ ಒಂದೇ ಸಲ, ಬೋರ್‌ವೆಲ್‌ದು. ಬೇರಿಗೆ ಕಾವು ತಾಗುತ್ತಿರಬಹುದಾ? ಈ ಬಿಸಿಲಲ್ಲಿ ಮಣ್ಣಿನ ಕುಂಡಕ್ಕೆ ಬದಲಿಸಬಹುದಾ, ಇಲ್ಲ ಮಳೆ ಬರುವವರೆಗೆ ಸುಮ್ನೆ ನೆರಳಿಗೆ ಸರಿಸಿಡಲಾ? ನಮ್ಮ ಕಡೆ ತಾರಸಿಯಲ್ಲಿ ದಾಸವಾಳ ಬೆಳೆಸಿದವರು ಹೇಳಿ. ಪೂಜೆಗೆ ಹೂವಿಲ್ಲದೆ ಅತ್ತೆ ಆಗಲೇ ಪಕ್ಕದ ಮನೆ ಗಿಡದ ಕಡೆ ನೋಡುತ್ತಿದ್ದಾರೆ!