‘ನಿರಾಶ್ರಿತ’, ‘ವಿಕಲಚೇತನ’: ಫಾರ್ಮಿನಲ್ಲಿ ಏನಂತ ಬರೆಯೋಣ?

ಗೆಳೆಯರೇ, ನಮಸ್ಕಾರ.

ಕಲಬುರಗಿಯಲ್ಲಿ ರಾತ್ರಿ ರಸ್ತೆ ಬದಿ ಮಲಗುವವರನ್ನು ಮಾತಾಡಿಸಿ, ಅವರಿಗೆ ಏನು ಬೇಕು ಅಂತ ಬರೆದುಕೊಳ್ಳಲು ನಾವು ಕೆಲವರು ಒಂದು ಫಾರ್ಮ್ ಮಾಡುತ್ತಿದ್ದೇವೆ. ಅದನ್ನು ಅವರ ಎದುರೇ ಓದಿ ಹೇಳಬೇಕು. ಹಾಗಾಗಿ ಪದಗಳ ವಿಚಾರದಲ್ಲಿ ನಿಮ್ಮ ಸಹಾಯ ಬೇಕು.

ಮೊದಲು ‘ನಿರಾಶ್ರಿತ’. ಬೈಲಕುಪ್ಪೆ, ಮುಂಡಗೋಡದ ಟಿಬೆಟಿನವರಿಗೂ ಇದೇ ಪದ, ಮನೆ ಇಲ್ಲದವರಿಗೂ ಇದೇ ಪದ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದವರನ್ನು ಇಡುವ ಜಾಗಕ್ಕೂ ‘ನಿರಾಶ್ರಿತರ ಪರಿಹಾರ ಕೇಂದ್ರ’ ಅಂತಲೇ ಹೆಸರು. ಈ ಪದ ಕಿವಿಗೆ ಬಿದ್ದರೆ ಹಿಡಿಯೋಕೆ ಗಾಡಿ ಬಂತೇನೋ ಅಂತ ಹೆದರುವುದು ಸಹಜ ಅಲ್ವಾ? ಹಾಗೆ ಮಲಗುವವರೆಲ್ಲ ಬೇಡುವವರೂ ಅಲ್ಲ. ಹಮಾಲಿ ಮಾಡುವವರು ಇರುತ್ತಾರೆ, ಗೌಂಡಿ ಕೆಲಸಕ್ಕೆ ಬಂದವರು ಇರುತ್ತಾರೆ, ದವಾಖಾನೆಯಲ್ಲಿರುವ ರೋಗಿಯ ಕಡೆಯವರೂ ಇರುತ್ತಾರೆ.

ಸರ್ಕಾರಿ ಪದ ‘ವಸತಿರಹಿತರು’. ತಪ್ಪೇನಿಲ್ಲ, ಆದರೆ ಓದಿ ಹೇಳಿದರೆ ಎಷ್ಟೋ ಜನರಿಗೆ ತಿಳಿಯುವುದಿಲ್ಲ. ‘ಮನೆಯಿಲ್ಲದವರು’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಆಳಂದ, ಚಿತ್ತಾಪುರ ಕಡೆ ಮನೆ ಇದ್ದೂ ಇಲ್ಲಿ ಫುಟ್‌ಪಾತ್ ಮೇಲೆ ಮಲಗುವವರು “ನಮಗ ಮನಿ ಅದರಿ” ಅಂತಾರೆ. 2011ರ ಜನಗಣತಿಯವರು ಫೆಬ್ರುವರಿ 28ರ ರಾತ್ರಿ ರಸ್ತೆ ಬದಿ, ರೈಲ್ವೆ ಪ್ಲಾಟ್‌ಫಾರ್ಮ್, ಸೇತುವೆ ಕೆಳಗೆ ಹೋಗಿ ಎಣಿಸಿದರು. ಅಂದರೆ ಜನ ಎಲ್ಲಿ ಮಲಗಿದ್ದಾರೆ ಅನ್ನುವುದೇ ಮುಖ್ಯವಾಯಿತು. ಅದೇ ದಾರಿಯಲ್ಲಿ ‘ಬಯಲಲ್ಲಿ ಮಲಗುವವರು’ ಅಂತ ಒಬ್ಬರು ಸೂಚಿಸಿದರು. ನಮ್ಮ ಕಡೆ ‘ಬಯಲಕಡಿ’ ಅಂದರೆ ಶೌಚಕ್ಕೆ ಹೋಗುವುದು ಅಂತ ಅರ್ಥ, ಬೇಡ ಅನ್ನಿಸಿತು. ಸದ್ಯಕ್ಕೆ ‘ಹೊರಗೆ ಮಲಗುವವರು’ ಅಂತ ಇಟ್ಟಿದ್ದೇವೆ.

ಎರಡನೆಯದು ‘ವಿಕಲಚೇತನ’. ಇದು ಇನ್ನೂ ಕಷ್ಟ. ‘ಅಂಗವಿಕಲ’ ಸಾಕು ಅನ್ನೋಣವೆಂದರೆ, ಅಂಗವೈಕಲ್ಯ ಕುರಿತ 1995ರ ಕಾಯ್ದೆಯಲ್ಲಿ 7 ಬಗೆ ಇದ್ದದ್ದು 2016ರ ಕಾಯ್ದೆಯಲ್ಲಿ 21 ಆಗಿದೆ. ಅದರಲ್ಲಿ ಥಲಸ್ಸೇಮಿಯಾ ಅನ್ನುವ ರಕ್ತದ ಕಾಯಿಲೆಯೂ ಇದೆ. ಅದು ಇರುವ ಮಗುವಿನ ಕೈಕಾಲು ಸರಿಯಾಗೇ ಇರುತ್ತವೆ. ಆ ಮಗುವನ್ನು ಅಂಗವಿಕಲ ಅನ್ನುವುದು ಹೇಗೆ? ಇಲಾಖೆಯ ಪದ ‘ವಿಕಲಚೇತನ’. ನನಗೆ ಇದು ಮೊದಲಿನದಕ್ಕಿಂತ ಜಾಸ್ತಿ ಚುಚ್ಚುತ್ತದೆ. ಅಂಗದಲ್ಲಿದ್ದ ಊನವನ್ನು ತೆಗೆದು ಚೇತನಕ್ಕೇ ಹಚ್ಚಿದಂತಾಯಿತು. 2015ರ ಕೊನೆಗೆ ಪ್ರಧಾನಿ ‘ದಿವ್ಯಾಂಗ’ ಅಂದ ಮೇಲೆ ಅದೂ ಓಡಾಡುತ್ತಿದೆ. ಪತ್ರಿಕೆಗಳಲ್ಲಿ ‘ವಿಶೇಷಚೇತನ’ ಕಾಣುತ್ತದೆ. ಬಸ್ ಹತ್ತಲು ಮೆಟ್ಟಿಲು ಎತ್ತರ ಅನ್ನುವವರಿಗೆ ದಿವ್ಯ, ವಿಶೇಷ ಅಂತ ಬಿರುದು ಕೊಟ್ಟು ಏನು ಉಪಯೋಗ? ಮೆಟ್ಟಿಲು ತಗ್ಗಿಸಬೇಕು.

ಮನುಷ್ಯರನ್ನು ಮೊದಲು ಹೇಳಿ, ಕೊರತೆಯನ್ನು ಆಮೇಲೆ ಹೇಳಿ ಅಂತ ಈಗ ಎಲ್ಲ ಕಡೆ ಹೇಳುತ್ತಾರೆ. ಕನ್ನಡದಲ್ಲಿ ಆ ಕ್ರಮ ಕೂರುವುದಿಲ್ಲ, ನಮ್ಮ ವಿಶೇಷಣ ಯಾವಾಗಲೂ ಮುಂದೆಯೇ ಬರುತ್ತದೆ. ಆದರೆ ನಮ್ಮಲ್ಲಿ ‘ಅವರು’ ಇದೆ. ಕುರುಡ, ಕುಂಟ ಅಂದರೆ ಇಡೀ ಮನುಷ್ಯ ಆ ಒಂದರಲ್ಲೇ ಮುಗಿದುಹೋಗುತ್ತಾನೆ. ಕಣ್ಣು ಕಾಣದವರು, ನಡೆಯಲು ಕಷ್ಟ ಇರುವವರು, ಗಾಲಿಕುರ್ಚಿ ಬಳಸುವವರು ಅಂದರೆ ಕೊನೆಗೆ ಮನುಷ್ಯರೇ ಉಳಿಯುತ್ತಾರೆ, ಮರ್ಯಾದೆಯೂ ಉಳಿಯುತ್ತದೆ. ಹೊಸ ಪದ ಕಟ್ಟುವ ಅಗತ್ಯವೇ ಇಲ್ಲ ಅನ್ನುವುದು ನನ್ನ ವಾದ. 2016ರ ಕಾಯ್ದೆಯೂ ‘ಕುಷ್ಠದಿಂದ ಗುಣವಾದವರು’ ಅಂತ ಬೇರೆಯಾಗಿ ಹೇಳುತ್ತದೆ. ಗುಣವಾದ ಮೇಲೂ ಅವರನ್ನು ರೋಗಿ ಅನ್ನುವುದನ್ನು ನಾವು ಬಿಡಲೇಬೇಕು.

ಒಂದು ಎಚ್ಚರಿಕೆ. ಸುಮ್ನೆ ಹುಡುಕಿ ಬದಲಿಸುವ ಕೆಲಸ ಮಾಡಬೇಡಿ. ‘ಹೆಳವ’ ಅಂದರೆ ಕಾಲಿಲ್ಲದವನು ಅಂತ ಅರ್ಥ ಇದ್ದರೂ, ಮನೆತನದ ವಂಶಾವಳಿ ಹೇಳುವ ಹೆಳವರು ಒಂದು ಸಮುದಾಯ. ಅದು ಅವರ ಹೆಸರು.

ಬೀದರ್, ಯಾದಗಿರಿ ಕಡೆಯವರು ದಯವಿಟ್ಟು ತಿಳಿಸಿ:

ಹೊರಗೆ ಮಲಗುವವರು ತಮ್ಮನ್ನು ತಾವು ಏನಂತ ಹೇಳಿಕೊಳ್ಳುತ್ತಾರೆ? ದಖನಿ ಉರ್ದು ಮಾತಾಡುವವರಲ್ಲಿ ಬೇರೆ ಪದ ಇದೆಯಾ?

21 ಬಗೆಯನ್ನೂ ಒಳಗೊಳ್ಳುವ ಒಂದೇ ಪದ ನಿಜಕ್ಕೂ ಬೇಕಾ? ‘ಅಂಗವಿಕಲರ ಪಗಾರ’ ಅಂದರೆ ಮಾತ್ರ ಪಿಂಚಣಿ ಅಂತ ಜನರಿಗೆ ಗೊತ್ತಾಗುತ್ತದೆ. ಆ ಒಂದು ಸಾಲಿನಲ್ಲಿ ಹಳೆಯ ಪದ ಉಳಿಸಬಹುದಾ?

ಕೈಸನ್ನೆಯಲ್ಲಿ ಮಾತಾಡುವವರಿಗೆ ‘ಮೂಗ’ ಅನ್ನುವುದಂತೂ ತಪ್ಪು. ಅವರಿಗೆ ಭಾಷೆ ಇದೆ. ‘ಕಿವುಡರು’ ಅನ್ನಿಸಿಕೊಳ್ಳಲು ಅವರಿಗೆ ಅಡ್ಡಿ ಇಲ್ಲವಾ, ‘ಕಿವಿ ಕೇಳದವರು’ ಅನ್ನಬೇಕಾ? ಅವರೇ ಯಾರಾದರೂ ಉತ್ತರಿಸಿದರೆ ಆ ಪದವನ್ನೇ ಫಾರ್ಮಿನಲ್ಲಿ ಹಾಕುತ್ತೇವೆ.