ಮೈಸೂರು, ಎರಡು ದಿನ: ಗುಡಿ, ಪಕ್ಷಿಧಾಮ, ಬೀಟೆ ಇನ್ಲೇ, ರೇಷ್ಮೆ. ಯಾವುದನ್ನ ಯಾವಾಗ?

ಹುಬ್ಬಳ್ಳಿ_ಪಯಣಿಗ
ಡಿಸೆಂಬರ್ ಕೊನೇ ವಾರ ಅವ್ವನ ಜೋಡಿ ಮೈಸೂರಿಗೆ ಹೊಂಟೀವಿ. ಅವ್ವಗ 68 ವರ್ಷ, ಮೊಣಕಾಲು ನೋವು. ಸೋಮವಾರ ಮುಂಜಾನೆ ಮುಟ್ಟಿ ಮಂಗಳವಾರ ರಾತ್ರಿ ರೈಲು ಹತ್ತಬೇಕು. ಚಾಮುಂಡಿ ಬೆಟ್ಟ, ಅರಮನೆ, ಮೃಗಾಲಯ, ರಂಗನತಿಟ್ಟು, ಸೋಮನಾಥಪುರ, ಇಷ್ಟು ಆಗ್ತದೇನು? ಒಂದು ಬೀಟೆ ಮರದ ಇನ್ಲೇ ಫಲಕ, ಒಂದು ಮೈಸೂರು ಸಿಲ್ಕ್ ಸೀರೆ ತಗೊಳ್ಳೋದದ. ಮೋಸ ಹೋಗದ ಹಾಂಗ ಹೆಂಗ ನೋಡಬೇಕು?

ಬನ್ನೂರು_ರಸ್ತೆ
ಆಗುತ್ತೆ, ಆದರೆ ಕ್ರಮ ತಪ್ಪಬಾರದು. ಮೃಗಾಲಯಕ್ಕೆ ಮಂಗಳವಾರ ರಜೆ, ಕಾರಂಜಿ ಕೆರೆಗೂ ಅಷ್ಟೇ. ಹಾಗಾಗಿ ಊರೊಳಗಿನದ್ದೆಲ್ಲ ಸೋಮವಾರ, ಹೊರಗಿನದ್ದು ಮಂಗಳವಾರ.

ಸೋಮವಾರ ಮೃಗಾಲಯದಿಂದಲೇ ಶುರು ಮಾಡಿ. ಬೆಳಗಿನ ತಂಪಲ್ಲಿ ಪ್ರಾಣಿಗಳು ಓಡಾಡ್ತಿರ್ತವೆ, ಮಧ್ಯಾಹ್ನಕ್ಕೆ ಮಲಗಿಬಿಡ್ತವೆ. ಒಳಗೆ ನಡಿಗೆ ತುಂಬಾ ಇದೆ, ಅರ್ಧ ದಾರೀಲಿ ವಾಪಸ್ ಬರೋದು ಕಷ್ಟ. ಅಮ್ಮನಿಗೆ ಗೇಟಿನಲ್ಲೇ ಬ್ಯಾಟರಿ ಗಾಡಿ ಟಿಕೆಟ್ ಕೇಳಿ. ಆಮೇಲೆ ಅರಮನೆ. ಸಂಜೆ ಬೆಟ್ಟ: ಸಿಟಿ ಬಸ್ ನಿಲ್ದಾಣದಿಂದ 201 ನಂಬರ್ ಬಸ್ ಮೇಲಿನವರೆಗೂ ಹೋಗುತ್ತೆ. ಸಾವಿರ ಮೆಟ್ಟಿಲು ಹತ್ತೋ ಗೋಜು ಬೇಡ. ದೊಡ್ಡ ನಂದಿಯ ಹತ್ತಿರಕ್ಕೂ ವಾಹನ ಹೋಗೋ ರಸ್ತೆ ಇದೆ, ಅಲ್ಲಿಗೆ ಆಟೋ ಅಥವಾ ಟ್ಯಾಕ್ಸಿ ಮಾಡಿಕೊಳ್ಳಿ.

ಮಂಗಳವಾರ ಟ್ಯಾಕ್ಸಿ ಹಿಡಿದು ರಂಗನತಿಟ್ಟಿಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ. ಅಲ್ಲಿಂದ ಶ್ರೀರಂಗಪಟ್ಟಣ, ಬನ್ನೂರು ಮೇಲೆ ಸೋಮನಾಥಪುರಕ್ಕೆ ದಾರಿ ಇದೆ, ಮೈಸೂರಿಗೆ ವಾಪಸ್ ಬರಬೇಕಿಲ್ಲ. ವಾಪಸಾಗುವಾಗ ಸೋಮನಾಥಪುರದಿಂದ ಮೈಸೂರು ಸುಮಾರು 35 ಕಿ.ಮೀ.

ಅರಮನೆಯ ಪೂರ್ತಿ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ. ಅದು ಬೇಕೇ ಬೇಕು ಅಂದರೆ ಒಂದು ದಿನ ಮುಂಚೆ ಬನ್ನಿ.

ಕೊಕ್ಕರೆ_ತಿಟ್ಟು
ರಂಗನತಿಟ್ಟಿಗೆ ನೀವು ಆರಿಸಿದ ತಿಂಗಳು ಚೆನ್ನಾಗಿದೆ. ಮಳೆಗಾಲದಲ್ಲಿ ಕೆಆರ್‌ಎಸ್ ಅಣೆಕಟ್ಟೆಯಿಂದ ನೀರು ಬಿಟ್ಟರೆ ದೋಣಿ ನಿಲ್ಲಿಸ್ತಾರೆ, ಅಷ್ಟು ದೂರ ಬಂದವರು ದಡದಲ್ಲೇ ನಿಂತು ನೋಡಿ ಹೋಗಬೇಕಾಗುತ್ತೆ. ಡಿಸೆಂಬರಿಗೆ ಬಣ್ಣದ ಕೊಕ್ಕರೆಗಳು ಬರೋಕೆ ಶುರುವಾಗಿರುತ್ತೆ, ಗೂಡಿನ ಗದ್ದಲ ಅದರ ಮುಂದಿನ ತಿಂಗಳುಗಳಲ್ಲಿ. ಹೆಜ್ಜಾರ್ಲೆ, ಬಾಯ್ಕಳಕ ಹಕ್ಕಿಗಳು, ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಕಾಣಸಿಗುತ್ತವೆ. ದೋಣಿಯಿಂದ ಕೈ ನೀರಿಗೆ ಇಳಿಸಬೇಡಿ. ದೋಣಿ ಹತ್ತಿ ಇಳಿಯುವಾಗ ಅಲುಗಾಡುತ್ತೆ, ಮೊಣಕಾಲು ನೋವಿದ್ದವರನ್ನ ಮೊದಲು ಹತ್ತಿಸಿ ನಡುವಿನ ಹಲಗೆ ಮೇಲೆ ಕೂರಿಸಿ.

ಸೋಮನಾಥಪುರಕ್ಕೆ ಕಾಲುಚೀಲ ತಗೊಂಡು ಹೋಗಿ. ಚಪ್ಪಲಿ ಬಿಡಬೇಕು, ನಡು ಮಧ್ಯಾಹ್ನ ಕಲ್ಲು ಸುಡುತ್ತೆ. 13ನೇ ಶತಮಾನದ ಕೇಶವ ದೇವಾಲಯ ಅದು, 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಪೂಜೆ ನಡೆಯೋ ಗುಡಿ ಅಲ್ಲ ಅಂತ ಅಮ್ಮನಿಗೆ ಮೊದಲೇ ಹೇಳಿಡಿ. ಒಳಗೆ ನುಗ್ಗಬೇಡಿ, ಮೊದಲು ಜಗತಿ (ಗುಡಿ ನಿಂತಿರೋ ಎತ್ತರದ ಕಟ್ಟೆ) ಮೇಲೆ ಪ್ರದಕ್ಷಿಣೆ ಹಾಕಿ. ಕೆಳಗಿನ ಸಾಲಿನ ಆನೆ, ಅದರ ಮೇಲೆ ಕುದುರೆ, ಬಳ್ಳಿ, ಆಮೇಲೆ ಕಥೆಯ ಸಾಲು. ದಕ್ಷಿಣಕ್ಕೆ ರಾಮಾಯಣ, ಹಿಂದೆ ಭಾಗವತ, ಉತ್ತರಕ್ಕೆ ಮಹಾಭಾರತ. ಇದನ್ನ ಬಿಟ್ಟು ಹತ್ತು ನಿಮಿಷದಲ್ಲಿ ಹೊರಗೆ ಬರೋರನ್ನ ಕಂಡರೆ ಹೊಟ್ಟೆ ಉರಿಯುತ್ತೆ. ಶಿಲ್ಪಿ ಮಲ್ಲಿತಮ್ಮನ ಹೆಸರು ಮೂರ್ತಿಗಳ ಪೀಠದಲ್ಲೇ ಕೆತ್ತಿದೆ, ಹುಡುಕಿ ನೋಡಿ.

ಬೀಟೆ_ಕೆಲಸ
ಇನ್ಲೇ ಬಗ್ಗೆ. ಬೀಟೆ ಹಲಗೆಯಲ್ಲಿ ಚಿತ್ರದ ಆಕಾರಕ್ಕೆ ಗುಳಿ ತೋಡಿ, ಬೇರೆ ಮರಗಳ ತುಂಡನ್ನ ಸಣ್ಣ ಗರಗಸದಲ್ಲಿ ಕೊಯ್ದು ಕೂರಿಸಿ ಅಂಟಿಸ್ತಾರೆ, ಉಜ್ಜಿ ಪಾಲಿಶ್ ಕೊಡ್ತಾರೆ. ಹಳದಿಗೆ ಹಲಸು, ಹೀಗೆ ಮರದ ಸ್ವಂತ ಬಣ್ಣವೇ ಚಿತ್ರದ ಬಣ್ಣ. ಒಳ್ಳೇ ಕೆಲಸದಲ್ಲಿ ಒಂದೊಂದು ತುಂಡಿನ ಎಳೆ ಒಂದೊಂದು ದಿಕ್ಕಿಗಿರುತ್ತೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಎಳೆಯೇ ಕಾಣದೆ ಎಲ್ಲಾ ಒಂದೇ ನುಣುಪಾಗಿದ್ದರೆ ಅದು ಅಚ್ಚು ಹಾಕಿದ ಹಾಳೆ. ಸಂದಿನಲ್ಲಿ ಮರದಪುಡಿ ಮೆತ್ತಿದ್ದು ದಪ್ಪವಾಗಿ ಕಂಡರೆ ತುಂಡು ಸರಿಯಾಗಿ ಕೂತಿಲ್ಲ ಅಂತ ಅರ್ಥ. ಬಿಳಿ ಭಾಗ ಈಗ ಪ್ಲಾಸ್ಟಿಕ್, ದಂತ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ, ದಂತದ ವ್ಯಾಪಾರವೇ ಅಪರಾಧ. ಬಿಸಿಲು ಬೀಳೋ ಗೋಡೆಗೆ ಹಾಕಬೇಡಿ, ಮರ ಕುಗ್ಗಿ ತುಂಡು ಮೇಲೇಳುತ್ತೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಆಟೋದವರು, ಟಾಂಗಾದವರು ತಾವಾಗಿ ಕರೆದೊಯ್ಯೋ ಅಂಗಡಿಯಲ್ಲಿ ಕಮಿಷನ್ ಬೆಲೆಗೆ ಸೇರಿರುತ್ತೆ. ಸಯ್ಯಾಜಿರಾವ್ ರಸ್ತೆಯ ಸರ್ಕಾರಿ ಕಾವೇರಿ ಎಂಪೋರಿಯಂನಲ್ಲಿ ಮೊದಲು ಬೆಲೆ ನೋಡಿಕೊಳ್ಳಿ, ಆಮೇಲೆ ಬೇರೆ ಕಡೆ ಹೋಗಿ.

ಹುಬ್ಬಳ್ಳಿ_ಪಯಣಿಗ
ಭಾಳ ಉಪಕಾರ ಆತು. ಸೀರಿ ಎಲ್ಲೆ ತಗೊಳ್ಳೋದು? ಜರಿ ಖರೇ ಐತೋ ಇಲ್ಲೋ ಹೆಂಗ ಗೊತ್ತಾಗ್ತದ?

ಬನ್ನೂರು_ರಸ್ತೆ
ಕೆಎಸ್‌ಐಸಿ, ಅಂದರೆ ರಾಜ್ಯ ಸರ್ಕಾರದ ರೇಷ್ಮೆ ನಿಗಮದ ಮಳಿಗೆಯಲ್ಲೇ ತಗೊಳ್ಳಿ. 1912ರಲ್ಲಿ ಶುರುವಾದ ನೇಯ್ಗೆ ಕಾರ್ಖಾನೆ ಅವರದು. ಪ್ರತಿ ಸೀರೆಗೂ ಅದರದ್ದೇ ಕೋಡ್ ನಂಬರ್ ಇರುತ್ತೆ, ಬಿಲ್ ಜೊತೆ ಹೋಲಿಸಿ ನೋಡಿ. ಜರಿಯಲ್ಲಿ 65% ಬೆಳ್ಳಿ, 0.65% ಚಿನ್ನ. ಬೇಡಿಕೆ ಜಾಸ್ತಿ, ಸರದಿ ಉದ್ದ ಇರುತ್ತೆ, ಅದಕ್ಕೇ ಸಂಜೆಗೆ ಇಟ್ಟುಕೊಳ್ಳಬೇಡಿ. ಸೋಮವಾರ ಮೃಗಾಲಯಕ್ಕೆ ಹೋಗೋ ಮೊದಲು ಫೋನ್ ಮಾಡಿ ವಿಚಾರಿಸಿ.

ಬೇರೆ ಅಂಗಡಿಯಲ್ಲಿ ನೋಡುವುದಾದರೆ ಸೆರಗಿನ ತುದಿಯ ಬಿಡಿ ಎಳೆಯನ್ನ ಉಗುರಿನಲ್ಲಿ ಕೆರೆಯಿರಿ. ಒಳಗೆ ಕೆಂಪು ರೇಷ್ಮೆ ಎಳೆ, ಮೇಲೆ ಬೆಳ್ಳಿ ಬಿಳುಪು ಕಂಡರೆ ಸರಿ. ತಾಮ್ರದ ಬಣ್ಣ ಬಂದರೆ ಬೆಳ್ಳಿ ಜರಿ ಅಲ್ಲ. ಮನೆಗೆ ಹೋದ ಮೇಲೆ ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಹತ್ತಿರ ಇಡಬಾರದು, ಸೆಂಟು ಜರಿ ಮೇಲೆ ಬೀಳಬಾರದು, ಬೆಳ್ಳಿ ಕಪ್ಪಾಗುತ್ತೆ. ಮೂರ್ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲವಾದರೆ ಮಡಿಕೆಯ ಗೆರೆಯಲ್ಲೇ ಜರಿ ಮುರಿಯುತ್ತೆ.